ಬ್ರೂಸ್ ಕ್ಯಾಂಪ್‌ಬೆಲ್ ಸಿನಿಮಾ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೂಸ್ ಕ್ಯಾಂಪ್‌ಬೆಲ್ ಯಾರು?

ಅಮೆರಿಕದ ನಟ, ನಿರ್ಮಾಪಕ, ಲೇಖಕ. ಹುಟ್ಟಿದ್ದು 1958ರ ಜೂನ್ 22ರಂದು, ಮಿಷಿಗನ್ ರಾಜ್ಯದ ರಾಯಲ್ ಓಕ್‌ನಲ್ಲಿ. 'ಈವಿಲ್ ಡೆಡ್' ಎಂಬ ಹಾರರ್ ಚಿತ್ರ ಸರಣಿಯ ಆ್ಯಶ್ ಪಾತ್ರವೇ ಅವರ ಗುರುತು: ಬಲಗೈ ಇದ್ದ ಜಾಗದಲ್ಲಿ ಮರ ಕೊಯ್ಯುವ ಯಂತ್ರಗರಗಸ (ಚೈನ್‌ಸಾ), ಎಡಗೈಯಲ್ಲಿ ಜೋಡಿನಳಿಗೆ ಕೋವಿ, ಮೈತುಂಬ ರಕ್ತ, ಬಾಯಿತುಂಬ ಬಡಾಯಿ. ಈ ಪಾತ್ರಕ್ಕೆ ಮೊದಲ ಸಲ ಬಣ್ಣ ಹಚ್ಚಿದಾಗ ಅವರಿಗೆ 21 ವರ್ಷ. ಪರದೆಯ ಮೇಲೆ ಅದನ್ನು ಮುಗಿಸುವ ಹೊತ್ತಿಗೆ ಅರವತ್ತರ ಹೊಸ್ತಿಲಲ್ಲಿದ್ದರು.

"ದೊಡ್ಡ ಸ್ಟಾರ್ ಆಗಲಿಲ್ಲವಲ್ಲ" ಎಂದು ಅವರ ಬಗ್ಗೆ ಮರುಗುವವರಿದ್ದಾರೆ. ಆ ಅಳತೆಗೋಲೇ ಸರಿಯಿಲ್ಲ. ಅವರು ಮೊದಲು ಸಿನಿಮಾ ಕಟ್ಟುವ ಕೆಲಸಗಾರ, ಆಮೇಲೆ ನಟ. ಹಣ ಕೂಡಿಸುವುದು, ದೀಪ ಹೊರುವುದು, ಸದ್ದು ಜೋಡಿಸುವುದು, ಏಟು ತಿನ್ನುವುದು ಎಲ್ಲವನ್ನೂ ಮಾಡಿದವರು. ಹಾಗೆ ನೋಡಿದರೆ ಮಾತ್ರ ಅವರ ಬದುಕಿನ ತಿರುವುಗಳಿಗೆ ಅರ್ಥ ಸಿಗುತ್ತದೆ.

ನಾನು ಹಾರರ್ ನೋಡುವುದಿಲ್ಲ. ಆದರೂ ಅವರನ್ನು ಎಲ್ಲಾದರೂ ನೋಡಿರಬಹುದೇ?

ಖಂಡಿತ ನೋಡಿರುತ್ತೀರಿ. ಸ್ಯಾಮ್ ರೈಮಿ ನಿರ್ದೇಶಿಸಿದ ಮೂರೂ 'ಸ್ಪೈಡರ್-ಮ್ಯಾನ್' ಚಿತ್ರಗಳಲ್ಲಿ ಅವರಿದ್ದಾರೆ. 2002ರದರಲ್ಲಿ ಕುಸ್ತಿ ಅಖಾಡದ ಘೋಷಕ. ಪೀಟರ್ ಪಾರ್ಕರ್ ಹೇಳಿದ ಹೆಸರನ್ನು ಪಕ್ಕಕ್ಕಿಟ್ಟು 'ಸ್ಪೈಡರ್-ಮ್ಯಾನ್' ಎಂದು ಕೂಗಿ ಆ ಹೆಸರನ್ನು ಖಾಯಂ ಮಾಡುವವರು ಅವರೇ. 2004ರದರಲ್ಲಿ ತಡವಾಗಿ ಬಂದ ಪೀಟರ್‌ನನ್ನು ನಾಟಕಕ್ಕೆ ಒಳಗೆ ಬಿಡದ ಬಾಗಿಲ ಸಿಬ್ಬಂದಿ. 2007ರದರಲ್ಲಿ ಫ್ರೆಂಚ್ ಧಾಟಿಯಲ್ಲಿ ಮಾತನಾಡುವ ಹೋಟೆಲ್ ಮೇಲ್ವಿಚಾರಕ. 2022ರ 'ಡಾಕ್ಟರ್ ಸ್ಟ್ರೇಂಜ್' ಚಿತ್ರದಲ್ಲಿ ಪಿಜ್ಜಾ ಮಾರುತ್ತ, ತನ್ನ ಕೈಯಿಂದಲೇ ತಾನು ಹೊಡೆಸಿಕೊಳ್ಳುವವರೂ ಅವರೇ. ಆ ದೃಶ್ಯ 'ಈವಿಲ್ ಡೆಡ್ 2'ರ ನೇರ ನೆನಪು. ಮಕ್ಕಳ ಜೊತೆ 'ಕಾರ್ಸ್ 2' ನೋಡಿದ್ದರೆ ಅಮೆರಿಕನ್ ಗೂಢಚಾರ ಕಾರಿಗೆ ದನಿ ಕೊಟ್ಟಿರುವುದೂ ಅವರೇ.

ಶುರುವಾಗಿದ್ದು ಎಲ್ಲಿ?

ಡೆಟ್ರಾಯಿಟ್ ಹೊರವಲಯದ ವೈಲಿ ಇ. ಗ್ರೋವ್ಸ್ ಹೈಸ್ಕೂಲಿನಲ್ಲಿ. ಅಲ್ಲಿ ಸ್ಯಾಮ್ ರೈಮಿಯ ಪರಿಚಯವಾಯಿತು. ಗೆಳೆಯರೆಲ್ಲ ಸೇರಿ ಸೂಪರ್ 8 ಕ್ಯಾಮೆರಾದಲ್ಲಿ ಕಿರುಚಿತ್ರ ತೆಗೆಯುತ್ತಿದ್ದರು. ಹೆಚ್ಚಿನವು ಬಿದ್ದು ಎದ್ದು ನಗಿಸುವ ಹಾಸ್ಯ. ಅಮೆರಿಕದ ಹಳೆಯ ಹಾಸ್ಯ ತಂಡ 'ತ್ರೀ ಸ್ಟೂಜಸ್' ಅವರ ಆರಾಧ್ಯ ದೈವ. ಕ್ಯಾಂಪ್‌ಬೆಲ್ ಅವರ ನಟನೆಯ ಬೇರು ಭಯದಲ್ಲಿಲ್ಲ, ಈ ಹಾಸ್ಯದಲ್ಲಿದೆ. ಇದನ್ನು ಮರೆತರೆ ಮುಂದಿನದೇನೂ ಅರ್ಥವಾಗುವುದಿಲ್ಲ.

ರಾಬರ್ಟ್ ಟ್ಯಾಪರ್ಟ್ ಸೇರಿಕೊಂಡ ಮೇಲೆ ಮೂವರ ತಂಡವಾಯಿತು. ಹಾಸ್ಯದ ಚಿತ್ರಕ್ಕೆ ದುಡ್ಡು ಹಾಕುವವರು ಸಿಗುವುದಿಲ್ಲ, ಹಾರರ್‌ಗೆ ಸಿಗುತ್ತಾರೆ ಎಂಬ ಲೆಕ್ಕಾಚಾರದಿಂದ ಆ ಕಡೆ ಹೊರಳಿದರು. 1978ರಲ್ಲಿ ಸುಮಾರು 1,600 ಡಾಲರ್ ಖರ್ಚಿನಲ್ಲಿ 'ವಿದಿನ್ ದಿ ವುಡ್ಸ್' ಎಂಬ ಅರ್ಧ ಗಂಟೆಯ ಚಿತ್ರ ತೆಗೆದರು. ಅದು ಬಿಡುಗಡೆಗೆ ಮಾಡಿದ್ದಲ್ಲ, ಹೂಡಿಕೆದಾರರಿಗೆ ತೋರಿಸಲು ಮಾಡಿದ ಮಾದರಿ.

'ದಿ ಈವಿಲ್ ಡೆಡ್'ಗೆ ಹಣ ಹೊಂದಿಸಿದ್ದು ಹೇಗೆ?

ಊರಿನ ವೈದ್ಯರು, ವ್ಯಾಪಾರಿಗಳು, ಬಂಧುಗಳು. ಮಾದರಿ ಚಿತ್ರ ತೋರಿಸಿ, ಪಾಲುಪತ್ರ ಕೊಟ್ಟು, ಚೂರುಚೂರಾಗಿ ಕೂಡಿಸಿದರು. ಸುಮಾರು 90 ಸಾವಿರ ಡಾಲರ್ ಆದಾಗ ಚಿತ್ರೀಕರಣಕ್ಕೆ ಹೊರಟರು. ಎಲ್ಲ ಮುಗಿಯುವಾಗ ಖರ್ಚು ಸುಮಾರು 3,75,000 ಡಾಲರ್ ತಲುಪಿತ್ತು.

ನಡುವೆ ಹಣ ಬರಿದಾಯಿತು. ಹೊಸಬರ ಚಿತ್ರಗಳು ಸಾಮಾನ್ಯವಾಗಿ ನಿಂತುಹೋಗುವುದು ಇಲ್ಲೇ: ಶೂಟಿಂಗ್ ಮುಗಿದಿರುತ್ತದೆ, ಸಂಕಲನ, ಧ್ವನಿ, ಪ್ರಿಂಟ್‌ಗೆ ಕಾಸಿರುವುದಿಲ್ಲ. ಆಗ ಕ್ಯಾಂಪ್‌ಬೆಲ್ ಉತ್ತರ ಮಿಷಿಗನ್‌ನಲ್ಲಿದ್ದ ತಮ್ಮ ಕುಟುಂಬದ ಆಸ್ತಿಯನ್ನು ಸಾಲಕ್ಕೆ ಅಡವಿಟ್ಟರು. ನಾಯಕ ನಟನೇ ಮನೆಯ ಜಮೀನು ಒತ್ತೆಯಿಟ್ಟು ಚಿತ್ರ ಮುಗಿಸಿದ್ದು! ಆ ಚಿತ್ರದಲ್ಲಿ ಅವರಿಗೆ ನಿರ್ಮಾಣದ ಕ್ರೆಡಿಟ್ ಇರುವುದು ಶೋಭೆಗಲ್ಲ.

ಆ ಹಣದ ಒಂದು ಪಾಲು ಹೋಗಿದ್ದು ಫಿಲ್ಮ್ ಹಿಗ್ಗಿಸಲು. ಕಾಸು ಉಳಿಸಲು 16 ಮಿ.ಮೀ.ನಲ್ಲಿ ತೆಗೆದಿದ್ದರು. ಚಿತ್ರಮಂದಿರಕ್ಕೆ 35 ಮಿ.ಮೀ. ಪ್ರಿಂಟ್ ಬೇಕು. 35ರ ಚೌಕಟ್ಟಿನ ವಿಸ್ತೀರ್ಣ 16ರದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು, ಹಾಗಾಗಿ ಹಿಗ್ಗಿಸಿದಾಗ ಫಿಲ್ಮಿನ ಕಾಳು ದಪ್ಪಗೆ ಕಾಣುತ್ತದೆ. ಬೇರೆ ಚಿತ್ರಕ್ಕೆ ಅದು ದೋಷವಾಗುತ್ತಿತ್ತು. ಇಲ್ಲಿ ಆ ಒರಟುತನವೇ ಭಯಕ್ಕೆ ಒದಗಿತು. ಅತಿಯಾಗಿ ತೊಳೆದು ನುಣುಪು ಮಾಡಿದ ಪ್ರತಿ ನೋಡಿದರೆ ಈ ಗುಣ ಕಾಣೆಯಾಗುತ್ತದೆ.

ಚಿತ್ರೀಕರಣ ಅಷ್ಟೊಂದು ಕಷ್ಟವಾಗಿದ್ದು ಏಕೆ?

ಜಾಗ ಮತ್ತು ಕಾಲ ಎರಡೂ ಕೈಕೊಟ್ಟವು. 1979ರ ನವೆಂಬರ್‌ನಲ್ಲಿ ಟೆನೆಸಿ ರಾಜ್ಯದ ಮಾರಿಸ್‌ಟೌನ್ ಹತ್ತಿರದ ಕಾಡಿನ ಪಾಳು ಮನೆಯೊಂದರಲ್ಲಿ ಶುರು ಮಾಡಿದರು. ದಕ್ಷಿಣದ ಕಡೆ ಚಳಿ ಕಡಿಮೆ ಎಂದುಕೊಂಡು ಹೋದವರಿಗೆ ಸಿಕ್ಕಿದ್ದು ಕಡುಚಳಿ. ಮನೆಯಲ್ಲಿ ನಲ್ಲಿ ನೀರಿಲ್ಲ. ಆರು ವಾರದ ಯೋಜನೆ ಹನ್ನೆರಡು ವಾರಕ್ಕೆ ಎಳೆಯಿತು. ಕೊನೆಯ ದಿನಗಳಲ್ಲಿ ಬೆಚ್ಚಗಾಗಲು ಮನೆಯೊಳಗಿನ ಪೀಠೋಪಕರಣಗಳನ್ನೇ ಸುಟ್ಟರು.

ದೆವ್ವ ಹಿಡಿದವರ ಬಿಳಿ ಕಣ್ಣುಗಳಿಗೆ ಹಾಕಿದ ಲೆನ್ಸ್‌ಗಳು ದಪ್ಪನೆಯವು. ಕೂರಿಸಲು ಹತ್ತು ನಿಮಿಷ ಹಿಡಿಯುತ್ತಿತ್ತು, ಹದಿನೈದು ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ಏಕೆಂದರೆ ಅವು ಕಣ್ಣಿಗೆ ಗಾಳಿ ತಾಗಲು ಬಿಡುತ್ತಿರಲಿಲ್ಲ. ಹಾಕಿಕೊಂಡವರಿಗೆ ಏನೂ ಕಾಣದು; ಕುರುಡಾಗಿಯೇ ಹೊಡೆದಾಡಬೇಕು. ಮುಖದ ಅಚ್ಚು ತೆಗೆಯುವಾಗ ನಟಿ ಬೆಟ್ಸಿ ಬೇಕರ್ ಅವರ ರೆಪ್ಪೆಗೂದಲು ಕಿತ್ತುಬಂತು. ಕ್ಯಾಂಪ್‌ಬೆಲ್ ಇಳಿಜಾರಿನಲ್ಲಿ ಓಡುವಾಗ ಬೇರಿಗೆ ಎಡವಿ ಕಾಲು ಉಳುಕಿಸಿಕೊಂಡರು. ರೈಮಿ ಕಡ್ಡಿಯಿಂದ ಆ ಗಾಯಕ್ಕೇ ಚುಚ್ಚಿ ನೋವಿನ ಮುಖಭಾವ ತೆಗೆದರು. ಬಾಲ್ಯದ ಸ್ನೇಹ ಇಲ್ಲದಿದ್ದರೆ ಇದನ್ನು ಯಾರೂ ಸಹಿಸುತ್ತಿರಲಿಲ್ಲ. ಈಗ ಯಾವ ಸೆಟ್ಟಿನಲ್ಲೂ ಸಹಿಸಲೂಬಾರದು.

ನೆಲಕ್ಕೆ ತಾಗಿದಂತೆ ಕಾಡಿನೊಳಗೆ ನುಗ್ಗುವ ಆ ಕ್ಯಾಮೆರಾ ಓಟ ಮಾಡಿದ್ದು ಹೇಗೆ? ಮೊಬೈಲಿನಲ್ಲಿ ಸಾಧ್ಯವೇ?

ಓಡುವಾಗ ಕ್ಯಾಮೆರಾ ಕುಲುಕದಂತೆ ಹಿಡಿಯುವ ಸ್ಟೆಡಿಕ್ಯಾಮ್ ಸಾಧನದ ಬಾಡಿಗೆಗೆ ದುಡ್ಡಿರಲಿಲ್ಲ. ಉದ್ದನೆಯ ಮರದ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಯಲ್ಲಿ ಇಬ್ಬರು ಹಿಡಿದು ಓಡಿದರು. ಹಲಗೆ ಉದ್ದವಿದ್ದಷ್ಟೂ ಒಬ್ಬನ ಹೆಜ್ಜೆಯ ಕುಲುಕು ನಡುವಿಗೆ ಬರುವಷ್ಟರಲ್ಲಿ ತಗ್ಗುತ್ತದೆ. ಅಗಲ ಕೋನದ ಲೆನ್ಸ್ ಉಳಿದ ಅದುರನ್ನು ಮರೆಸಿ, ವೇಗವನ್ನು ಇದ್ದುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಒಳಾಂಗಣಕ್ಕೆ ಇನ್ನೊಂದು ಉಪಾಯ: ಹಲಗೆಗೆ ವ್ಯಾಸ್‌ಲೀನ್ ಬಳಿದು ಅದರ ಮೇಲೆ ಕ್ಯಾಮೆರಾ ಜಾರಿಸುವುದು.

ಮೊಬೈಲಿನಲ್ಲಿ ಆರಾಮಾಗಿ ಮಾಡಬಹುದು. ಆರು ಅಡಿ ಉದ್ದದ, ಎರಡು ಇಂಚು ದಪ್ಪ ನಾಲ್ಕು ಇಂಚು ಅಗಲದ ಮರ ತೆಗೆದುಕೊಳ್ಳಿ. ತೆಳು ರೀಪರ್ ಬೇಡ, ಅದು ನಡುವೆ ಬಾಗಿ ತೂಗಾಡುತ್ತದೆ. ಮಧ್ಯದಲ್ಲಿ ಮೊಬೈಲ್ ಹಿಡಿಕೆಯನ್ನು ಬೋಲ್ಟ್ ಹಾಕಿ ಬಿಗಿಯಿರಿ, ಹಿಡಿಕೆ ಮತ್ತು ಮರದ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಡಿ. ಮರದ ಕೆಳಬದಿಗೆ, ತಲೆಕೆಳಗಾಗಿ ಮೊಬೈಲ್ ತೂಗುವಂತೆ ಕಟ್ಟಿದರೆ ನೆಲಕ್ಕೆ ಒಂದು ಗೇಣಿನಷ್ಟು ಹತ್ತಿರ ಬರಬಹುದು. ಆಮೇಲೆ ಚಿತ್ರ ತಿರುಗಿಸಿಕೊಳ್ಳಿ. 0.5 ಎಕ್ಸ್ ಲೆನ್ಸ್, ಸೆಕೆಂಡಿಗೆ 24 ಫ್ರೇಮ್, ಫೋಕಸ್ ಮತ್ತು ಬೆಳಕು ಲಾಕ್. ಲಾಕ್ ಮಾಡದಿದ್ದರೆ ಮರಗಳ ನಡುವೆ ನೆರಳು ಬಿಸಿಲು ಬದಲಾದ ಹಾಗೆಲ್ಲ ಚಿತ್ರ ಮಿಣುಕುತ್ತದೆ.

ಕೆಡುವುದು ಸಾಮಾನ್ಯವಾಗಿ ಓಡುವವರಿಂದ. ಇಬ್ಬರ ಎತ್ತರದಲ್ಲಿ ಅರ್ಧ ಅಡಿ ವ್ಯತ್ಯಾಸವಿದ್ದರೂ ದಿಗಂತ ವಾಲುತ್ತದೆ. ಹೆಜ್ಜೆ ಒಟ್ಟಿಗೆ ಬಿದ್ದರೆ ಕುಲುಕು ಕೂಡಿಕೊಳ್ಳುತ್ತದೆ, ಆದ್ದರಿಂದ ಒಬ್ಬನ ಪಾದ ನೆಲಕ್ಕೆ ಬೀಳುವಾಗ ಇನ್ನೊಬ್ಬನದು ಮೇಲಿರಬೇಕು. ಓಡುವ ಹಾದಿಯ ಕಲ್ಲು, ಬೇರುಗಳನ್ನು ಮೊದಲೇ ತೆಗೆದಿಡಿ.

ಅಷ್ಟೊಂದು ರಕ್ತ ಎಲ್ಲಿಂದ ಬಂತು?

ಮೆಕ್ಕೆಜೋಳದ ಸಕ್ಕರೆ ಪಾಕ, ಕೆಂಪು ತಿಂಡಿಬಣ್ಣ, ಕಾಫಿಗೆ ಹಾಕುವ ಹಾಲಿಲ್ಲದ ಕ್ರೀಮರ್ ಪುಡಿ. ಮೂರನೆಯದೇ ಗುಟ್ಟು. ಬರೀ ಪಾಕಕ್ಕೆ ಬಣ್ಣ ಬೆರೆಸಿದರೆ ಬೆಳಕು ಹಾಯ್ದು ಶರಬತ್ತಿನಂತೆ ಕಾಣುತ್ತದೆ. ಕ್ರೀಮರ್ ಅದನ್ನು ಮಂದ ಮಾಡಿ ಹಿಂದಿರುವುದು ಕಾಣದಂತೆ ಮರೆಮಾಚುತ್ತದೆ.

ಕಿರುಚಿತ್ರಕ್ಕೆ ಬೇಕಿದ್ದರೆ ನಮ್ಮ ಅಳತೆ ಹೀಗಿದೆ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಗ್ಲೂಕೋಸ್ ಒಂದು ಕಪ್, ಬಿಸಿನೀರು ಕಾಲು ಕಪ್, ಕೆಂಪು ತಿಂಡಿಬಣ್ಣ ಎರಡು ಟೀ ಚಮಚ, ನೀಲಿ ಒಂದು ಹನಿ, ಕ್ರೀಮರ್ ಪುಡಿ ಒಂದು ಟೀ ಚಮಚ. ಪುಡಿಯನ್ನು ಮೊದಲು ಬಿಸಿನೀರಿನಲ್ಲಿ ಕರಗಿಸಿ. ನೇರವಾಗಿ ಪಾಕಕ್ಕೆ ಹಾಕಿದರೆ ಗಂಟು ಕಟ್ಟಿ ಕ್ಯಾಮೆರಾದಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ನೀಲಿ ಹನಿ ಹಾಕದಿದ್ದರೆ ಕೆಂಪು ಕಿತ್ತಳೆಗೆ ಹೊರಳುತ್ತದೆ. ಎರಡು ಹನಿ ಬಿದ್ದರೆ ನೇರಳೆ. ಚಳಿಯಲ್ಲಿ ಪಾಕ ಗಟ್ಟಿಯಾಗುವುದರಿಂದ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟುಕೊಳ್ಳಿ. ಹೊರಾಂಗಣದಲ್ಲಿ ಇರುವೆ, ಜೇನುನೊಣ ಮುತ್ತುತ್ತವೆ. ಬಟ್ಟೆಯ ಕಲೆ ಹೋಗುವುದಿಲ್ಲ, ಒಂದೇ ಬಗೆಯ ಅಂಗಿ ಮೂರಾದರೂ ತಂದಿಡಿ.

ಒಣಗಿದಾಗ ಬಟ್ಟೆ ಹಲಗೆಯಂತೆ ಸೆಟೆಯುತ್ತದೆ. ಕ್ಯಾಂಪ್‌ಬೆಲ್ ಅವರ ಅಂಗಿ ಎಷ್ಟು ಪಾಕ ಕುಡಿದಿತ್ತೆಂದರೆ, ಬೆಂಕಿಯ ಬಳಿ ಒಣಗಿಸಿ ಮತ್ತೆ ತೊಡಲು ಹೋದಾಗ ಮುರಿದುಹೋಯಿತು.

'ಫೇಕ್ ಶೆಂಪ್' ಎಂದು ಕ್ರೆಡಿಟ್‌ನಲ್ಲಿ ಬರುತ್ತದಲ್ಲ, ಅವರು ಯಾರು?

ಬದಲಿ ದೇಹಗಳು. 'ತ್ರೀ ಸ್ಟೂಜಸ್' ತಂಡದ ಶೆಂಪ್ ಹವರ್ಡ್ 1955ರಲ್ಲಿ ತೀರಿಕೊಂಡಾಗ, ಉಳಿದ ನಾಲ್ಕು ಕಿರುಚಿತ್ರಗಳನ್ನು ಜೋ ಪಾಲ್ಮಾ ಎಂಬುವರ ಬೆನ್ನು ತೋರಿಸಿ ಮುಗಿಸಿದ್ದರು. ಟೆನೆಸಿಯಲ್ಲಿ ಆರು ವಾರ ದಾಟಿದ ಮೇಲೆ ಉಳಿದ ನಟರು ಊರಿಗೆ ಮರಳಿದರು. ಕ್ಯಾಂಪ್‌ಬೆಲ್ ಮತ್ತು ಕೆಲವೇ ತಂತ್ರಜ್ಞರು ಉಳಿದರು. ಮಿಕ್ಕ ದೃಶ್ಯಗಳಲ್ಲಿ ಕೈ, ಕಾಲು, ಬೆನ್ನು, ದೆವ್ವದ ಮುಖವಾಡದ ಹಿಂದಿನ ದೇಹ ಯಾರದ್ದಾದರೂ ಆಗಬಹುದಿತ್ತು. ಅವರೇ ಫೇಕ್ ಶೆಂಪ್‌ಗಳು. ಮುಂದೆ ರೈಮಿ ಚಿತ್ರಗಳಲ್ಲಿ ಇದು ಪ್ರೀತಿಯ ಸಂಪ್ರದಾಯವಾಯಿತು.

ಅಷ್ಟು ಚಿಕ್ಕ ಚಿತ್ರ ಲೋಕವನ್ನೆಲ್ಲ ತಲುಪಿದ್ದು ಹೇಗೆ?

117 ನಿಮಿಷವಿದ್ದ ಮೊದಲ ಜೋಡಣೆಯನ್ನು 85 ನಿಮಿಷಕ್ಕೆ ಇಳಿಸಿದರು. ಸಂಕಲನದ ಸಹಾಯಕರಲ್ಲಿ ಮುಂದೆ ಹೆಸರಾಂತ ನಿರ್ದೇಶಕರಾದ, ಆಗಿನ್ನೂ ಹೆಸರಿಲ್ಲದ ಜೋಯಲ್ ಕೋಯೆನ್ ಇದ್ದರು. 1981ರ ಅಕ್ಟೋಬರ್ 15ರಂದು ಡೆಟ್ರಾಯಿಟ್‌ನ ರೆಡ್‌ಫರ್ಡ್ ಥಿಯೇಟರಿನಲ್ಲಿ, ಬಾಗಿಲಲ್ಲಿ ಆಂಬುಲೆನ್ಸ್ ನಿಲ್ಲಿಸಿಕೊಂಡು, 'ಬುಕ್ ಆಫ್ ದಿ ಡೆಡ್' ಎಂಬ ಹೆಸರಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ವಿತರಣೆ ವಹಿಸಿಕೊಂಡ ಅನುಭವಿ ಇರ್ವಿನ್ ಶಪಿರೋ ಆ ಹೆಸರು ಬೇಡವೆಂದರು: ಪುಸ್ತಕ ಎಂದರೆ ಜನ ಓದಬೇಕೇನೋ ಎಂದುಕೊಂಡು ಬರುವುದಿಲ್ಲ. 1982ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಚಿತ್ರ ನೋಡಿದ ಹಾರರ್ ಕಾದಂಬರಿಕಾರ ಸ್ಟೀಫನ್ ಕಿಂಗ್ ಮನಸಾರೆ ಹೊಗಳಿ ಬರೆದರು. ಅಲ್ಲಿಂದ ಬಾಗಿಲು ತೆರೆಯಿತು. ನ್ಯೂ ಲೈನ್ ಸಂಸ್ಥೆ ಅಮೆರಿಕದಲ್ಲಿ ಬಿಡುಗಡೆ ಮಾಡಿತು.

ಬ್ರಿಟನ್ನಿನಲ್ಲಿ ಪ್ಯಾಲೇಸ್ ಸಂಸ್ಥೆ 1983ರಲ್ಲಿ ಚಿತ್ರಮಂದಿರ ಮತ್ತು ವಿಡಿಯೋ ಕ್ಯಾಸೆಟ್ ಎರಡರಲ್ಲೂ ಜೊತೆಜೊತೆಗೆ ಬಿಟ್ಟಿತು. ಕ್ಯಾಸೆಟ್ ಭರ್ಜರಿಯಾಗಿ ಹೋಯಿತು. ಜೊತೆಗೆ 'ವಿಡಿಯೋ ನ್ಯಾಸ್ಟಿ' (ಅಸಹ್ಯದ ಕ್ಯಾಸೆಟ್) ಎಂಬ ಹಣೆಪಟ್ಟಿ, ಕೋರ್ಟು ಕಚೇರಿ. ಅಲ್ಲಿ ಕತ್ತರಿಯಿಲ್ಲದ ಪ್ರತಿಗೆ ಅನುಮತಿ ಸಿಕ್ಕಿದ್ದು 2001ರಲ್ಲಿ. ನಿಷೇಧವೇ ಚಿತ್ರವನ್ನು ಬೆಳೆಸಿತು ಎನ್ನುವ ಮಾತು ಅರ್ಧ ಸತ್ಯ. ಕ್ಯಾಸೆಟ್ ಮನೆಗೆ ತಂದು, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಗೆಳೆಯರಿಗೆ ದಾಟಿಸುವ ರೂಢಿ ಹುಟ್ಟಿದ್ದೇ ಆ ಹೊತ್ತಿನಲ್ಲಿ. ಚಿತ್ರದಲ್ಲಿ ಮತ್ತೆ ಮತ್ತೆ ನೋಡಬೇಕೆನಿಸುವ ಕೈಚಳಕ ಇದ್ದುದರಿಂದ ಅದು ಉಳಿಯಿತು.

'ಈವಿಲ್ ಡೆಡ್ 2' ಮುಂದುವರಿಕೆಯೋ, ಮರುನಿರ್ಮಾಣವೋ?

ಮುಂದುವರಿಕೆಯೇ. ಗೊಂದಲಕ್ಕೆ ಕಾರಣ ಹಕ್ಕುಗಳು. ಮೊದಲ ಚಿತ್ರದ ದೃಶ್ಯಗಳನ್ನು ಬಳಸಿ ಹಿಂದಿನ ಕಥೆ ನೆನಪಿಸಬೇಕಿತ್ತು. ಆದರೆ ಮೊದಲನೆಯದು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ವಿತರಕರಿಗೆ ಮಾರಾಟವಾಗಿತ್ತು, ಎಲ್ಲರಿಂದ ಒಪ್ಪಿಗೆ ಪಡೆಯುವುದು ಆಗದ ಮಾತು. ಅದಕ್ಕೇ ಆರಂಭದ ಕೆಲವು ನಿಮಿಷಗಳಲ್ಲಿ ಹಳೆಯ ಕಥೆಯನ್ನು ಚುಟುಕಾಗಿ ಹೊಸದಾಗಿ ತೆಗೆದರು. ಮೊದಲ ಚಿತ್ರದ ಐವರು ಗೆಳೆಯರ ಜಾಗದಲ್ಲಿ ಆ್ಯಶ್ ಮತ್ತು ಅವನ ಗೆಳತಿ ಲಿಂಡಾ ಇಬ್ಬರೇ ಉಳಿದರು. ತಮ್ಮ ಚಿತ್ರದ ತುಣುಕನ್ನು ಮುಂದೆ ತಾವೇ ಬಳಸುವ ಹಕ್ಕನ್ನು ಕರಾರಿನಲ್ಲಿ ಉಳಿಸಿಕೊಳ್ಳದ ನಿರ್ಮಾಪಕರಿಗೆಲ್ಲ ಇದು ಪಾಠ.

ತಂಡದ ಮುಂದಿನ ಚಿತ್ರ, 1985ರ 'ಕ್ರೈಮ್‌ವೇವ್' ಸೋತಿತ್ತು, ತಂಡ ಕುಸಿದಿತ್ತು. ಸ್ಟೀಫನ್ ಕಿಂಗ್ ಮಾತಿನ ಮೇಲೆ ನಿರ್ಮಾಪಕ ಡಿನೋ ಡಿ ಲಾರೆಂಟಿಸ್ ಹಣ ಕೊಟ್ಟರು, ಸುಮಾರು 36 ಲಕ್ಷ ಡಾಲರ್. ಉತ್ತರ ಕೆರೊಲಿನಾದ ವೇಡ್ಸ್‌ಬರೋದಲ್ಲಿ ಚಿತ್ರೀಕರಣ. ಮನೆಯ ಒಳಭಾಗದ ಸೆಟ್ ಶಾಲೆಯೊಂದರ ಜಿಮ್ ಹಾಲಿನಲ್ಲಿ. ವಯಸ್ಕರಿಗೆ ಮಾತ್ರ ಎನ್ನುವ ಎಕ್ಸ್ ಶ್ರೇಣಿ ಬಾರದಿರಲಿ ಎಂದು ರಕ್ತಕ್ಕೆ ಹಸಿರು, ಕಪ್ಪು ಬಣ್ಣ ಬಳಿದರು. ಅದೂ ಸಾಲದೆ, ಶ್ರೇಣಿಯಿಲ್ಲದೆ ಬಿಡಲು ರೋಸ್‌ಬಡ್ ಎಂಬ ಬೇರೆ ಹೆಸರಿನ ವಿತರಣಾ ಸಂಸ್ಥೆಯನ್ನೇ ಮುಂದೆ ಮಾಡಬೇಕಾಯಿತು. ಬಿಡುಗಡೆ 1987ರಲ್ಲಿ.

ಅವರ ನಟನೆಯಲ್ಲಿ ಅಂಥದ್ದೇನಿದೆ? ಬರೀ ಕಿರುಚಾಟವಲ್ಲವೇ?

ಅಲ್ಲ. 'ಈವಿಲ್ ಡೆಡ್ 2'ರಲ್ಲಿ ಆ್ಯಶ್‌ನ ಬಲಗೈಗೆ ದೆವ್ವ ಹಿಡಿಯುವ ಭಾಗವನ್ನು ಸದ್ದು ಆರಿಸಿ ನೋಡಿ. ಕೈ ಅವನ ಕೂದಲು ಹಿಡಿದೆಳೆಯುತ್ತದೆ, ತಟ್ಟೆಗಳನ್ನು ತಲೆಗೆ ಅಪ್ಪಳಿಸುತ್ತದೆ, ಕೊನೆಗೆ ಇಡೀ ದೇಹವನ್ನು ಎತ್ತಿ ಪಲ್ಟಿ ಹೊಡೆಸುತ್ತದೆ. ತೆರೆಯ ಮೇಲೆ ಇರುವವನು ಒಬ್ಬನೇ, ಕಾಣುವುದು ಇಬ್ಬರ ಜಗಳ. ಕೈ ಮೊದಲು ಚಲಿಸುತ್ತದೆ, ಮುಖ ಒಂದು ಕ್ಷಣ ತಡವಾಗಿ ಅಚ್ಚರಿಪಡುತ್ತದೆ. ಆ ಒಂದು ಕ್ಷಣದ ತಡವೇ ಇಡೀ ವಿದ್ಯೆ. ಮುಖ ಮತ್ತು ಕೈ ಒಟ್ಟಿಗೆ ಚಲಿಸಿದರೆ ಭ್ರಮೆ ಅಲ್ಲೇ ಒಡೆಯುತ್ತದೆ. ಅದನ್ನು ಅನುಕರಿಸುವ ಬಹುತೇಕರು ಸೋಲುವುದೂ ಅಲ್ಲೇ.

ಇನ್ನೊಂದು ಗುಣ, ಆ್ಯಶ್ ಜಾಣನಲ್ಲ ಎಂಬುದನ್ನು ಕ್ಯಾಂಪ್‌ಬೆಲ್ ಎಂದೂ ಮುಚ್ಚಿಡುವುದಿಲ್ಲ. ಮೊದಲ ಚಿತ್ರದಲ್ಲಿ ಅಂಜುಬುರುಕ, ಎರಡನೆಯದರಲ್ಲಿ ತಲೆಕೆಟ್ಟವ, ಮೂರನೆಯದರಲ್ಲಿ ಅಹಂಕಾರಿ. ಒಂದೇ ಹೆಸರಿನ ಮೂರು ಮನುಷ್ಯರು, ಆದರೂ ನಡುವೆ ಎಳೆ ಹರಿಯುವುದಿಲ್ಲ. ದೊಡ್ಡ ಪ್ರಶಸ್ತಿಗಳು ಇಂಥ ಕೆಲಸವನ್ನು ಗಮನಿಸದೇ ಹೋಗಿದ್ದು ಪ್ರಶಸ್ತಿಗಳಿಗೇ ನಷ್ಟ.

'ಆರ್ಮಿ ಆಫ್ ಡಾರ್ಕ್‌ನೆಸ್' ಯಾವ ಪ್ರತಿ ನೋಡಬೇಕು?

ಇದು ಸರಣಿಯ ಮೂರನೇ ಚಿತ್ರ. ಅಮೆರಿಕದಲ್ಲಿ 1993ರ ಫೆಬ್ರವರಿಯಲ್ಲಿ ತೆರೆಕಂಡ ಪ್ರತಿ 81 ನಿಮಿಷ. ನಿರ್ದೇಶಕರ ಪ್ರತಿ 96 ನಿಮಿಷ. ಹೊರದೇಶಗಳಿಗೆ ಕಳಿಸಿದ್ದು 88 ನಿಮಿಷ. ಟಿವಿಗೆ ಬೇರೆಯೇ ಜೋಡಣೆ.

ಮುಖ್ಯ ವ್ಯತ್ಯಾಸ ಕೊನೆಯದು. ಮೂಲದಲ್ಲಿ, ಮಧ್ಯಯುಗಕ್ಕೆ ಹೋಗಿ ಬಿದ್ದ ಆ್ಯಶ್ ತನ್ನ ಕಾಲಕ್ಕೆ ಮರಳಲು ಕುಡಿಯುವ ನಿದ್ದೆಮದ್ದಿನ ಹನಿ ಎಣಿಸುವುದರಲ್ಲಿ ತಪ್ಪಿ, ಹೆಚ್ಚು ಕುಡಿದು, ಬೇಕಾದ್ದಕ್ಕಿಂತ ಹೆಚ್ಚು ಕಾಲ ಮಲಗಿ, ನಾಶವಾದ ಲೋಕದಲ್ಲಿ ಎಚ್ಚರಗೊಳ್ಳುತ್ತಾನೆ. ಯೂನಿವರ್ಸಲ್ ಸಂಸ್ಥೆಗೆ ಅದು ತೀರಾ ನಿರಾಶೆ ಎನಿಸಿ, ಎಸ್-ಮಾರ್ಟ್ ಎಂಬ ಅಂಗಡಿಯಲ್ಲಿ ನಡೆಯುವ ಗೆಲುವಿನ ಮುಕ್ತಾಯ ಸೇರಿತು. ಆ್ಯಶ್‌ನ ಸ್ವಭಾವಕ್ಕೆ ಒಪ್ಪುವುದು ಮೂಲವೇ ಎಂದು ನಮ್ಮ ಖಚಿತ ಅಭಿಪ್ರಾಯ. ಆದರೂ ಮೊದಲ ಸಲ 81 ನಿಮಿಷದ್ದನ್ನೇ ನೋಡಿ. ಓಟ ಬಿಗಿಯಾಗಿದೆ, ಜನ ಇಂದಿಗೂ ಹೇಳುವ ಕೆಲವು ಸಾಲುಗಳು ಉದ್ದದ ಪ್ರತಿಯಲ್ಲಿ ಬೇರೆಯಾಗಿವೆ. ಇಷ್ಟವಾದರೆ 96 ನಿಮಿಷದ್ದಕ್ಕೆ ಹೋಗಿ. ಸುಮಾರು 1.1 ಕೋಟಿ ಡಾಲರ್ ಖರ್ಚಾದ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಸಿದ್ದು ಹೆಚ್ಚುಕಡಿಮೆ ಅಷ್ಟೇ. ಅದನ್ನು ಎತ್ತಿ ನಿಲ್ಲಿಸಿದ್ದು ಕ್ಯಾಸೆಟ್ ಮತ್ತು ಡಿವಿಡಿ.

ದೊಡ್ಡ ಚಿತ್ರಗಳಲ್ಲಿ ನಾಯಕನಾಗಲಿಲ್ಲ ಏಕೆ?

ಸ್ಟುಡಿಯೋಗಳು ಬೇಡವೆಂದವು. 'ಕ್ರೈಮ್‌ವೇವ್'ನಲ್ಲಿ ರೈಮಿ ನಾಯಕನನ್ನಾಗಿ ಬಯಸಿದ್ದು ಇವರನ್ನೇ; ಹಣ ಹಾಕುವವರು ಒಪ್ಪಲಿಲ್ಲ. ಇವರಿಗೆ ಚಿಕ್ಕ ಪಾತ್ರ, ಜೊತೆಗೆ ಸಹನಿರ್ಮಾಣದ ಹೊಣೆ. 1990ರ 'ಡಾರ್ಕ್‌ಮ್ಯಾನ್'ನಲ್ಲೂ ಅದೇ ಕಥೆ, ಪಾತ್ರ ಲಿಯಾಮ್ ನೀಸನ್‌ಗೆ ಹೋಯಿತು. ಕೊನೆಯ ಶಾಟ್‌ನಲ್ಲಿ ನಾಯಕ ಮುಖ ಬದಲಿಸಿ ಜನಜಂಗುಳಿಯಲ್ಲಿ ಮರೆಯಾಗುವಾಗ ಕಾಣುವ ಮುಖ ಮಾತ್ರ ಕ್ಯಾಂಪ್‌ಬೆಲ್‌ರದ್ದು.

ಈ ನಡುವೆ ಅವರು ಕೈಕಟ್ಟಿ ಕೂರಲಿಲ್ಲ. 1988ರ 'ಮೇನಿಯಾಕ್ ಕಾಪ್', 1989ರ 'ಮೂನ್‌ಟ್ರ್ಯಾಪ್' ಹೀಗೆ ಸಣ್ಣ ಬಜೆಟ್ಟಿನ ಚಿತ್ರಗಳು ಸಾಲಾಗಿ ಬಂದವು. ಎಲ್ಲವೂ ಚೆನ್ನಾಗಿಲ್ಲ. 'ಮೇನಿಯಾಕ್ ಕಾಪ್' ಮಾತ್ರ ಈಗಲೂ ಗಟ್ಟಿ.

ಟಿವಿಯಲ್ಲಿ ಅವರ ಮುಖ್ಯ ಕೆಲಸ ಯಾವುದು?

ಹೊಟ್ಟೆಪಾಡಿನ ದೃಷ್ಟಿಯಿಂದ 'ಬರ್ನ್ ನೋಟಿಸ್'. 2007ರಿಂದ 2013ರವರೆಗೆ ಏಳು ಸೀಸನ್, 111 ಕಂತು, ಮಯಾಮಿಯಲ್ಲಿ ಚಿತ್ರೀಕರಣ. ಹೂವಿನ ಅಂಗಿ ತೊಟ್ಟ ನಿವೃತ್ತ ಯೋಧ ಸ್ಯಾಮ್ ಆ್ಯಕ್ಸ್ ಆಗಿ ಹಾರರ್ ಗಂಧವೇ ಇಲ್ಲದ ಲಕ್ಷಾಂತರ ಮನೆಗಳಿಗೆ ಪರಿಚಿತರಾದರು.

ಪ್ರೀತಿಯ ದೃಷ್ಟಿಯಿಂದ 'ದಿ ಅಡ್ವೆಂಚರ್ಸ್ ಆಫ್ ಬ್ರಿಸ್ಕೋ ಕೌಂಟಿ ಜೂನಿಯರ್'. 1993–94ರಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುಕ್ರವಾರ ರಾತ್ರಿ ಬಂದ 27 ಕಂತುಗಳ ಕೌಬಾಯ್ ಸಾಹಸ. ಶುಕ್ರವಾರಗಳಂದು ಅದರ ಬೆನ್ನಿಗೆ ಬರುತ್ತಿದ್ದ ಇನ್ನೊಂದು ಹೊಸ ಧಾರಾವಾಹಿ 'ದಿ ಎಕ್ಸ್ ಫೈಲ್ಸ್'. ವಾಹಿನಿ ಭರವಸೆಯಿಟ್ಟದ್ದು ಬ್ರಿಸ್ಕೋ ಮೇಲೆ, ಬೆಳೆದದ್ದು ಎರಡನೆಯದು. 'ಹರ್ಕ್ಯುಲಿಸ್', 'ಝೀನಾ' ಧಾರಾವಾಹಿಗಳಲ್ಲಿ ಕಳ್ಳರ ರಾಜ ಆಟೋಲಿಕಸ್ ಆಗಿ ನಟಿಸಿದ್ದಲ್ಲದೆ ಹಲವು ಕಂತುಗಳನ್ನು ನಿರ್ದೇಶಿಸಿದರು. 2015ರಲ್ಲಿ 'ಫಾರ್ಗೋ' ಎರಡನೇ ಸೀಸನ್‌ನಲ್ಲಿ ರೊನಾಲ್ಡ್ ರೇಗನ್ ಆಗಿದ್ದಾರೆ; ಚಿಕ್ಕದು, ಅಚ್ಚುಕಟ್ಟು.

ಹಾರರ್ ಹೊರತು ಒಂದೇ ಚಿತ್ರ ನೋಡುವುದಾದರೆ?

ಡಾನ್ ಕಾಸ್ಕರೆಲ್ಲಿ ನಿರ್ದೇಶನದ 2002ರ 'ಬಬ್ಬಾ ಹೋ-ಟೆಪ್'. ಪೂರ್ತಿ ಹಾರರ್ ಹೊರತಲ್ಲ, ಅದರಲ್ಲಿ ಈಜಿಪ್ಟಿನ ಮಮ್ಮಿಯೊಂದಿದೆ. ಆದರೆ ಚಿತ್ರ ನಿಜವಾಗಿ ಮುಪ್ಪಿನ ಬಗ್ಗೆ. ಟೆಕ್ಸಾಸ್‌ನ ವೃದ್ಧಾಶ್ರಮದಲ್ಲಿ ಮಂಚ ಹಿಡಿದ ಮುದುಕನೊಬ್ಬ ತಾನೇ ನಿಜವಾದ ಎಲ್ವಿಸ್ ಪ್ರೀಸ್ಲಿ ಎನ್ನುತ್ತಾನೆ. ಪಕ್ಕದ ಕೋಣೆಯಲ್ಲಿ ಓಸೀ ಡೇವಿಸ್, ತಾನು ಅಮೆರಿಕದ ಅಧ್ಯಕ್ಷನಾಗಿದ್ದ ಕೆನಡಿ ಎನ್ನುವ ಕಪ್ಪು ವೃದ್ಧ. ಇಷ್ಟು ಹಾಸ್ಯಾಸ್ಪದ ಕಥೆಯನ್ನು ಕ್ಯಾಂಪ್‌ಬೆಲ್ ಒಂದು ಕ್ಷಣವೂ ಲಘುವಾಗಿ ಆಡುವುದಿಲ್ಲ. ನಡೆಯಲು ವಾಕರ್ ಹಿಡಿಯುವಾಗಿನ ಆಯಾಸ, ಮಗಳನ್ನು ನೆನೆಯುವಾಗಿನ ದನಿ, ಇವು ಅವರ ಬದುಕಿನ ಅತ್ಯುತ್ತಮ ಕೆಲಸ. ದೊಡ್ಡ ವಿತರಕರು ಸಿಗದೆ 32 ಪ್ರಿಂಟ್‌ಗಳನ್ನೇ ಊರೂರಿಗೆ ತಿರುಗಿಸಿ ಚಿತ್ರ ಬೆಳೆಸಿದರು.

ಪುಸ್ತಕ ಬರೆದಿದ್ದಾರಂತೆ?

2001ರ 'ಇಫ್ ಚಿನ್ಸ್ ಕುಡ್ ಕಿಲ್' ಆತ್ಮಕಥೆ. ಕೆಲಸಗಾರ ನಟನ ದಿನಚರಿ, ಬಾಡಿಗೆ, ಸಂಬಳ, ಗಾಯಗಳ ಲೆಕ್ಕ. ಕಿರುಚಿತ್ರ ಮಾಡುವವರು ಓದಲೇಬೇಕು. ಅದರ ಮುಂದಿನ ಭಾಗ 2017ರ 'ಹೇಲ್ ಟು ದಿ ಚಿನ್'.

ಆ್ಯಶ್ ಮತ್ತೆ ಬರುತ್ತಾನೆಯೇ?

ಕ್ಯಾಂಪ್‌ಬೆಲ್ ದೇಹದಲ್ಲಿ ಬರುವುದಿಲ್ಲ. ನ್ಯೂಜಿಲೆಂಡಿನಲ್ಲಿ ಚಿತ್ರೀಕರಿಸಿದ 'ಆ್ಯಶ್ ವರ್ಸಸ್ ಈವಿಲ್ ಡೆಡ್' ಧಾರಾವಾಹಿ 2015ರ ಅಕ್ಟೋಬರ್ 31ರಿಂದ 2018ರ ಏಪ್ರಿಲ್‌ವರೆಗೆ, ಮೂರು ಸೀಸನ್, 30 ಕಂತು ನಡೆಯಿತು. ಅದು ನಿಂತ ಮೇಲೆ ಪಾತ್ರದಿಂದ ನಿವೃತ್ತಿ ಘೋಷಿಸಿದರು. 2022ರ 'ಈವಿಲ್ ಡೆಡ್' ವಿಡಿಯೋ ಗೇಮಿಗೆ ದನಿ ಕೊಟ್ಟರು. 2013ರ ಮತ್ತು 2023ರ ಹೊಸ 'ಈವಿಲ್ ಡೆಡ್' ಚಿತ್ರಗಳಲ್ಲಿ ಅವರು ನಿರ್ಮಾಣದ ಪಾಲುದಾರ; ಮೊದಲನೆಯದರಲ್ಲಿ ಎಲ್ಲ ಕ್ರೆಡಿಟ್ ಮುಗಿದ ಮೇಲೆ ಒಂದೇ ಒಂದು ಮಾತು, ಎರಡನೆಯದರಲ್ಲಿ ಹಳೆಯ ಗ್ರಾಮಫೋನ್ ತಟ್ಟೆಯ ಮೇಲೆ ದನಿ.

ಯಾವ ಕ್ರಮದಲ್ಲಿ ನೋಡಲಿ? ಮನೆಯವರ ಜೊತೆ ನೋಡಬಹುದೇ?

'ಈವಿಲ್ ಡೆಡ್ 2'ರಿಂದ ಶುರು ಮಾಡಿ, ಮೊದಲನೆಯದರಿಂದಲ್ಲ. ನಗುವೂ ಭಯವೂ ಸಮವಾಗಿರುವುದು ಅದರಲ್ಲೇ. ಹಿಡಿಸಿದರೆ 'ಆರ್ಮಿ ಆಫ್ ಡಾರ್ಕ್‌ನೆಸ್', ಆಮೇಲೆ 'ಬಬ್ಬಾ ಹೋ-ಟೆಪ್', ಅಷ್ಟಾದ ಮೇಲೆ 1981ರ ಮೂಲಕ್ಕೆ ಹಿಂದಿರುಗಿ. ಆ್ಯಶ್ ಧಾರಾವಾಹಿಯನ್ನು ಸರಣಿಯ ಮೂರೂ ಚಿತ್ರ ಮುಗಿಸಿ ನೋಡಿ. ಮೊದಲ ಸೀಸನ್‌ನಲ್ಲಿ ಮೂರನೇ ಚಿತ್ರದ ಪ್ರಸ್ತಾಪ ಇಲ್ಲದಿರುವುದು ಹಕ್ಕಿನ ಸಮಸ್ಯೆಯಿಂದ, ನೀವು ಏನನ್ನೂ ತಪ್ಪಿಸಿಕೊಂಡಿಲ್ಲ.

ಮಕ್ಕಳಿಗೆ ಸರಣಿಯ ಯಾವ ಚಿತ್ರವೂ ಬೇಡ. 1981ರ ಚಿತ್ರದಲ್ಲಿ ಮರಗಳು ಹೆಣ್ಣೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸುವ ದೃಶ್ಯವಿದೆ, 2013ರ ಚಿತ್ರದಲ್ಲೂ ಅದರ ಮರುರೂಪವಿದೆ. ಜೊತೆಗೆ ಕೂರುವವರಿಗೆ ಮೊದಲೇ ತಿಳಿಸಿ. ಮನೆಮಂದಿಯೆಲ್ಲ ಕೂತು ನೋಡಬೇಕಿದ್ದರೆ ಬ್ರಿಸ್ಕೋ ಕೌಂಟಿ ಹಾಕಿ. ಗುದ್ದಾಟವಿದೆ, ಕುದುರೆಯಿದೆ, ರಕ್ತದ ಪಾಕ ಇಲ್ಲ.